ಶಾಂಪೂ ಪಾಕೀಟಿನ ಚವಳಿಕಾಯಿಯಿಂದ ಕೃಷ್ಣೆಯ ಕೆಸರಿನವರೆಗೆ: ಪ್ಲಸ್ ಚಾರ್ಜಿನ ಸರಪಳಿ ಏನು ಮಾಡುತ್ತೆ?

(ಪಾಡ್‌ಕ್ಯಾಸ್ಟ್ ಎಪಿಸೋಡಿನ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ.)

 

ಇವತ್ತು ಮೊದಲು ಒಂದು ಕೆಲಸ ಮಾಡಿ. ಮನೆಯಲ್ಲಿರೋ ಶಾಂಪೂ ಪಾಕೀಟು ತಗೊಂಡು ಹಿಂದೆ ತಿರುಗಿಸಿ. ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರ ಇರ್ತಾವಲ್ಲ, ಮೊಬೈಲ್ ಕ್ಯಾಮೆರಾದಲ್ಲಿ ಝೂಮ್ ಮಾಡಿ ಓದಿ. ಬಹಳಷ್ಟು ಪಾಕೀಟುಗಳಲ್ಲಿ 'ಗ್ವಾರ್ ಹೈಡ್ರಾಕ್ಸಿಪ್ರೊಪಿಲ್‌ಟ್ರೈಮೋನಿಯಂ ಕ್ಲೋರೈಡ್' ಅನ್ನೋ ಉದ್ದನೆಯ ಹೆಸರು ಸಿಗುತ್ತೆ. ಇಲ್ಲದಿದ್ದರೆ 'ಪಾಲಿಕ್ವಾಟರ್ನಿಯಂ' ಅಂತ ಬರೆದು ಮುಂದೆ 7 ಅಥವಾ 10 ಅಂತ ಒಂದು ನಂಬರ್ ಇರುತ್ತೆ. ಆ ಮೊದಲನೇ ಹೆಸರಿನ ಗ್ವಾರ್ ಬೇರೇನಲ್ಲ, ಗೋರಿಕಾಯಿ. ನಮ್ಮ ಕಡೆ ಚವಳಿಕಾಯಿ ಅಂತೀವಲ್ಲ, ಅದೇ. ರೊಟ್ಟಿ ಜೊತೆ ತಿನ್ನೋ ಪಲ್ಯದ ಗಿಡವೇ ರಾಜಸ್ಥಾನದ ಹೊಲಗಳಲ್ಲಿ ಬೀಜಕ್ಕೋಸ್ಕರ ಬೆಳೆಯುತ್ತೆ. ಬೀಜದಿಂದ ಗೋಂದು ತೆಗೀತಾರೆ, ಆ ಗೋಂದಿಗೆ ರಾಸಾಯನಿಕವಾಗಿ ಒಂದು ಪ್ಲಸ್ ಚಾರ್ಜಿನ ತುಣುಕು ಅಂಟಿಸ್ತಾರೆ. ಅದು ನಿಮ್ಮ ತಲೆಗೆ ಬರುತ್ತೆ.

ಯಾಕೆ ಪ್ಲಸ್ಸೇ ಬೇಕು? ಯಾಕಂದ್ರೆ ಕೂದಲು ಮೈನಸ್. ಅಷ್ಟೇ ಅಲ್ಲ, ನಮ್ಮ ಸುತ್ತ ಇರೋದರಲ್ಲಿ ಬಹುಪಾಲು ಮೈನಸ್ಸೇ. ಎರೆಮಣ್ಣಿನ ಜೇಡಿ ಕಣ ಮೈನಸ್, ಹತ್ತಿಯ ಎಳೆ ಮೈನಸ್, ಬ್ಯಾಕ್ಟೀರಿಯಾದ ಹೊರಮೈ ಮೈನಸ್, ಕಬ್ಬಿನ ಹಾಲಿಗೆ ಬಣ್ಣ ಕೊಡುವ ಎಷ್ಟೋ ವಸ್ತುಗಳು ಮೈನಸ್, ನಮ್ಮ ಜೀವಕೋಶದೊಳಗಿನ ಡಿಎನ್‌ಎ ಕೂಡ ಮೈನಸ್. ಇಂಥ ಜಗತ್ತಿನಲ್ಲಿ ಮೈತುಂಬಾ ಪ್ಲಸ್ ಹೊತ್ತುಕೊಂಡ ಒಂದು ಉದ್ದ ಸರಪಳಿಯನ್ನು ಬಿಟ್ಟರೆ ಏನಾಗುತ್ತೆ ಅನ್ನೋದೇ ಇವತ್ತಿನ ವಿಷಯ. ಕೆಮಿಸ್ಟ್ರಿಯವರು ಇದನ್ನ ಪಾಲಿಕ್ಯಾಟಯಾನ್ ಅಂತಾರೆ. ಪಾಲಿ ಅಂದ್ರೆ ಬಹಳ, ಕ್ಯಾಟಯಾನ್ ಅಂದ್ರೆ ಪ್ಲಸ್ ಚಾರ್ಜ್ ಇರೋ ಕಣ.

ನಾನು ಬಿ.ಕಾಂ ಓದಿದವಳು. ಹಾಗಾಗಿ ನನಗೆ ಇದು ಹೊಕ್ಕಿದ್ದು ಲೆಕ್ಕದ ದಾರಿಯಿಂದಲೇ. ಪ್ರತಿ ಕಣಕ್ಕೂ ಒಂದು ಖಾತೆ ಇದೆ ಅಂದುಕೊಳ್ಳಿ. ಮೈನಸ್ ಇರೋದೆಲ್ಲ ಬಾಕಿ. ಉಪ್ಪಿನಲ್ಲಿರೋ ಸೋಡಿಯಂ ಅಂದ್ರೆ ಒಂದೊಂದು ರೂಪಾಯಿಯ ಚಿಲ್ಲರೆ: ಬರುತ್ತೆ, ಸ್ವಲ್ಪ ಹೊತ್ತು ಅಂಟಿಕೊಳ್ಳುತ್ತೆ, ಬಿಟ್ಟು ಹೋಗುತ್ತೆ. ಪಾಲಿಕ್ಯಾಟಯಾನ್ ಅಂದ್ರೆ ಸಾವಿರಾರು ರೂಪಾಯಿಯ ನಾಣ್ಯಗಳನ್ನ ಒಂದೇ ದಾರದಲ್ಲಿ ಪೋಣಿಸಿದ ಹಾಗೆ. ಒಂದು ನಾಣ್ಯ ಬಿಟ್ಟುಕೊಂಡರೂ ಪಕ್ಕದ ಐವತ್ತು ಹಿಡಿದುಕೊಂಡಿರ್ತಾವೆ. ಎಲ್ಲ ಒಟ್ಟಿಗೆ ಕಳಚಿಕೊಳ್ಳೋದು ಬಹಳ ಅಪರೂಪ. ಮತ್ತೆ ಇನ್ನೊಂದು ಇದೆ. ಈ ಸರಪಳಿ ಬಂದು ಅಂಟಿಕೊಂಡಾಗ, ಮೊದಲು ಅಲ್ಲಿ ಕೂತಿದ್ದ ನೂರಾರು ಚಿಲ್ಲರೆ ಅಯಾನುಗಳೆಲ್ಲ ಬಿಡುಗಡೆಯಾಗಿ ನೀರಲ್ಲಿ ಸ್ವತಂತ್ರವಾಗಿ ಓಡಾಡ್ತಾವೆ. ಪ್ರಕೃತಿಗೆ ಈ ಚೆಲ್ಲಾಪಿಲ್ಲಿ ಇಷ್ಟ. ಈ ಹಿಡಿತ ಅಷ್ಟು ಗಟ್ಟಿಯಾಗೋಕೆ ಪ್ಲಸ್-ಮೈನಸ್ ಸೆಳೆತದಷ್ಟೇ ಮುಖ್ಯ ಕಾರಣ ಇದು.

ಚಾರ್ಜ್ ಎಲ್ಲಿಂದ ಬರುತ್ತೆ? ಸಾಮಾನ್ಯವಾಗಿ ಸಾರಜನಕದಿಂದ, ಅಂದ್ರೆ ನೈಟ್ರೋಜನ್‌ನಿಂದ. ನೈಟ್ರೋಜನ್‌ಗೆ ನಾಲ್ಕೂ ಕಡೆ ಇಂಗಾಲದ ಕೈ ಹಿಡಿಸಿಬಿಟ್ಟರೆ ಅದಕ್ಕೆ ಕಾಯಂ ಪ್ಲಸ್. ಅದನ್ನ 'ಕ್ವಾಟರ್ನರಿ' ಅಂತಾರೆ. ಶಾಂಪೂ ಮೇಲಿನ ಕ್ವಾಟರ್ನಿಯಂ ಅನ್ನೋ ಪದ ಬಂದದ್ದು ಇಲ್ಲಿಂದ. ಇನ್ನೊಂದು ಜಾತಿ ಇದೆ, ಅದು ಹುಳಿ ಇದ್ದಾಗ ಮಾತ್ರ ಪ್ಲಸ್, ಇಲ್ಲದಿದ್ದರೆ ಸುಮ್ಮನೆ ಇರುತ್ತೆ. ಸಿಗಡಿ, ಏಡಿ ಚಿಪ್ಪಿನಿಂದ ಮಾಡೋ ಕೈಟೋಸಾನ್ ಆ ಜಾತಿಯದು. ಇದರ ಬಗ್ಗೆ ದ್ರಾಕ್ಷಿ ಬೆಳೆಯೋರಿಗೆ ಕೊನೇಲಿ ಒಂದು ಮಾತು ಹೇಳೋದಿದೆ.

ಶಾಂಪೂ ವಿಷಯ ಮುಗಿಸಿಬಿಡ್ತೀನಿ. ಬಾಟಲಿಯೊಳಗೆ ಈ ಚವಳಿ ಗೋಂದು ನೊರೆ ಕೊಡೋ ವಸ್ತುವಿನ ಜೊತೆ ಕರಗಿಕೊಂಡಿರುತ್ತೆ. ನೀವು ನೀರು ಸುರಿದು ತೆಳುವಾಗಿಸಿದಾಗ ಅವೆರಡೂ ಕೂಡಿ ಸಣ್ಣ ಹನಿಗಳಾಗಿ ಬೇರ್ಪಟ್ಟು ಕೂದಲ ಮೇಲೆ ಕೂರ್ತಾವೆ. ಕೂದಲು ಎಲ್ಲಿ ಹೆಚ್ಚು ಹಾಳಾಗಿದೆಯೋ ಅಲ್ಲಿ ಮೈನಸ್ ಹೆಚ್ಚು, ಅಲ್ಲೇ ಹೆಚ್ಚು ಅಂಟುತ್ತೆ. ಬಾಚಣಿಗೆ ಸಲೀಸಾಗಿ ಇಳಿಯೋದು ಅದಕ್ಕೇ. 'ಕೆಮಿಕಲ್ ಇಲ್ಲದ ಶಾಂಪೂ' ಅಂತ ಜಾಹೀರಾತು ಬಂದ್ರೆ ಮಾತ್ರ ಪಾಕೀಟಿನ ಹಿಂಭಾಗ ಓದಿ, ನಗು ಬರುತ್ತೆ.

ಕೊಡದಲ್ಲಿ ಯಾಕೆ ಕೆಸರು ತಳ ಸೇರಲ್ಲ

ಈಗ ಬರೋಣ ನಮ್ಮ ನೀರಿಗೆ. ಮಹಾರಾಷ್ಟ್ರದ ನರಸೋಬವಾಡಿಯಲ್ಲಿ ಪಂಚಗಂಗಾ ಬಂದು ಕೃಷ್ಣೆಗೆ ಕೂಡುತ್ತೆ. ಈ ಕಡೆ ನಿಪ್ಪಾಣಿ ಭಾಗದಿಂದ ವೇದಗಂಗಾ ದೂಧಗಂಗಾಕ್ಕೆ ಸೇರಿ, ದೂಧಗಂಗಾ ಕಲ್ಲೋಳ-ಯಡೂರ ಹತ್ತಿರ ಕೃಷ್ಣೆಗೆ ಸೇರುತ್ತೆ. ಅಲ್ಲಿಂದ ನದಿ ಕುಡಚಿ, ಉಗಾರ ದಾಟಿ ಅಥಣಿ ಕಡೆ ಹೋಗುತ್ತೆ. ಮಳೆಗಾಲ ಬಂತಂದ್ರೆ ಸುದ್ದಿ ಓದೋ ಶೈಲಿ ಕೂಡ ನಮಗೆ ಬಾಯಿಪಾಠ: ಕಲ್ಲೋಳ-ಯಡೂರ, ಕಾರದಗಾ-ಭೋಜ, ಮಲಿಕವಾಡ-ದತ್ತವಾಡ, ಜತ್ರಾಟ-ಭೀವಶಿ ಸೇತುವೆ ಜಲಾವೃತ. 2019ರ ಆಗಸ್ಟ್‌ನಲ್ಲಿ ಸೇತುವೆ ಅಷ್ಟೇ ಅಲ್ಲ, ಊರಿಗೆ ಊರೇ ಮುಳುಗಿದ್ದು ಯಾರೂ ಮರೆತಿಲ್ಲ. 2021ರ ಜುಲೈನಲ್ಲಿ ಮತ್ತೆ ಬಂತು. ಸುತ್ತ ಎಲ್ಲಿ ನೋಡಿದರೂ ನೀರು, ಕುಡಿಯೋಕೆ ಮಾತ್ರ ಟ್ಯಾಂಕರ್ ಬರಬೇಕು. ಆ ದಿನಗಳಲ್ಲಿ ಒಂದು ಕೊಡ ನೀರು ಹಿಡಿದಿಟ್ಟು ನೋಡಿದವರಿಗೆ ಗೊತ್ತು: ರಾತ್ರಿ ಇಟ್ಟರೆ ಬೆಳಿಗ್ಗೆ ಮರಳು ತಳ ಸೇರಿರುತ್ತೆ, ಆದ್ರೆ ನೀರು ಇನ್ನೂ ಚಹಾದ ಬಣ್ಣದಲ್ಲೇ ಇರುತ್ತೆ.

ಇದಕ್ಕೆ ಲೆಕ್ಕ ಇದೆ. 1 ಮೈಕ್ರಾನ್, ಅಂದ್ರೆ ಮಿಲಿಮೀಟರ್‌ನ ಸಾವಿರದ ಒಂದು ಭಾಗದಷ್ಟಿರೋ ಜೇಡಿ ಕಣ ಅಲುಗಾಡದ ನೀರಿನಲ್ಲಿ 30 ಸೆಂಟಿಮೀಟರ್ ಇಳಿಯೋಕೆ ಸುಮಾರು 4 ದಿನ ಬೇಕು. ಕಣದ ಗಾತ್ರ ಹತ್ತರಲ್ಲಿ ಒಂದಾದ್ರೆ ಸಮಯ ನೂರು ಪಟ್ಟು, ಅಂದ್ರೆ ಒಂದು ವರ್ಷಕ್ಕೂ ಮೇಲೆ. ಅಷ್ಟೊತ್ತಿಗೆ ನೀರಿನ ಅಣುಗಳ ತಳ್ಳಾಟವೇ ಅದನ್ನ ಮೇಲಕ್ಕೂ ಕೆಳಕ್ಕೂ ಆಡಿಸ್ತಿರುತ್ತೆ, ಅದು ಇಳಿಯೋದೇ ಇಲ್ಲ. ಹತ್ತು ಕಣ ಕೂಡಿ ಒಂದು ದೊಡ್ಡ ಉಂಡೆ ಆದ್ರೆ ಇಳೀತಿತ್ತು. ಕೂಡೋಕೆ ಬಿಡೋದಿಲ್ಲ ಯಾಕಂದ್ರೆ ಎಲ್ಲವೂ ಮೈನಸ್. ಹತ್ತಿರ ಬಂದ ಕೂಡಲೇ ಒಂದನ್ನೊಂದು ದೂಡ್ತಾವೆ. ನಮ್ಮ ಎರೆಭೂಮಿಯ ಜೇಡಿ ಈ ವಿಷಯದಲ್ಲಿ ಇನ್ನೂ ಜಿಗುಟು, ಅದರ ಪದರಗಳಲ್ಲೇ ಮೈನಸ್ ಕಟ್ಟಿಕೊಂಡಿದೆ. ಅದೇ ಗುಣ ಹೊಲದಲ್ಲಿ ಉಪಕಾರಿ: ಪೊಟ್ಯಾಷ್, ಅಮೋನಿಯಂ ಥರದ ಪ್ಲಸ್ ಗೊಬ್ಬರವನ್ನ ಹಿಡಿದಿಟ್ಟುಕೊಳ್ಳುತ್ತೆ. ಕುಡಿಯೋ ನೀರಿನಲ್ಲಿ ಮಾತ್ರ ತಲೆನೋವು.

ಪರಿಹಾರ ಅಜ್ಜಿಯರಿಗೆ ಗೊತ್ತಿತ್ತು: ಪಟಿಕ. ಮರಾಠಿ ಮಾತಾಡೋ ಮನೆಗಳಲ್ಲಿ ತುರಟಿ ಅಂತಾರೆ, ಕ್ಷೌರದ ಅಂಗಡಿಯಲ್ಲಿ ಗಲ್ಲಕ್ಕೆ ತಿಕ್ಕೋ ಆ ಬಿಳಿ ಹರಳು. ಅದರೊಳಗಿನ ಅಲ್ಯೂಮಿನಿಯಂ ಮೂರು ಪ್ಲಸ್ ಹೊತ್ತ ಅಯಾನು. ಮೂರು ಪ್ಲಸ್ ಅಂದ್ರೆ ಸೋಡಿಯಂಗಿಂತ ಮೂರು ಪಟ್ಟು ಕೆಲಸ ಅಂತ ತಿಳೀಬೇಡಿ. ಕೊಲಾಯ್ಡ್ ಸಿದ್ಧಾಂತದ ಪ್ರಕಾರ ಕಣಗಳನ್ನ ಒಟ್ಟುಗೂಡಿಸೋ ಶಕ್ತಿ ಚಾರ್ಜಿನ ಆರನೇ ಘಾತದ ಹತ್ತಿರ ಏರುತ್ತೆ. ಒಂದು ಪ್ಲಸ್‌ಗೆ 1 ಅಂದ್ರೆ, ಎರಡು ಪ್ಲಸ್‌ಗೆ 64, ಮೂರು ಪ್ಲಸ್‌ಗೆ 729. ಚಕ್ರಬಡ್ಡಿ ಕೂಡ ಇಷ್ಟು ಬೇಗ ಬೆಳೆಯಲ್ಲ. ಇದರ ಜೊತೆಗೆ ಅಲ್ಯೂಮಿನಿಯಂ ನೀರಿನಲ್ಲಿ ಹತ್ತಿಯಂಥ ಮೆತ್ತನೆ ಹೈಡ್ರಾಕ್ಸೈಡ್ ಆಗಿ, ಇಳೀತಾ ಇಳೀತಾ ಕೆಸರನ್ನ ಬಲೆಯ ಹಾಗೆ ಬಾಚಿಕೊಂಡು ಹೋಗುತ್ತೆ.

ಪಟ್ಟಣಗಳ ನೀರು ಶುದ್ಧೀಕರಣ ಘಟಕಗಳಲ್ಲಿ ಈಗ ಪಟಿಕದ ಜಾಗಕ್ಕೆ ಎಷ್ಟೋ ಕಡೆ ಪಾಲಿ ಅಲ್ಯೂಮಿನಿಯಂ ಕ್ಲೋರೈಡ್ ಬಂದಿದೆ, 'ಪ್ಯಾಕ್' ಅಂತ ಕರೀತಾರೆ. ಇದರಲ್ಲಿ 13 ಅಲ್ಯೂಮಿನಿಯಂ ಪರಮಾಣುಗಳು ಕೂಡಿ ಒಂದೇ ಗೊಂಚಲಾಗಿ, ಒಟ್ಟು 7 ಪ್ಲಸ್ ಚಾರ್ಜ್ ಹೊತ್ತಿರೋ ರೂಪವೂ ಇರುತ್ತೆ. ಪಟಿಕವನ್ನ ನೀರಿಗೆ ಹಾಕಿದ ಮೇಲೆ ಆಗಬೇಕಾದ ಅರ್ಧ ಕೆಲಸ ಇದರಲ್ಲಿ ಕಾರ್ಖಾನೆಯಲ್ಲೇ ಮುಗಿದಿರುತ್ತೆ. ಹಾಗಾಗಿ ನೀರಿನ ಹುಳಿ ಅಷ್ಟು ಬದಲಾಗಲ್ಲ. ಇದರ ಮೇಲಿನ ಮೆಟ್ಟಿಲೇ ಪೂರ್ತಿ ಇಂಗಾಲದ ಸರಪಳಿಯ ಪಾಲಿಡ್ಯಾಡ್‌ಮ್ಯಾಕ್. 1950ರ ದಶಕದಲ್ಲಿ ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದ ಜಾರ್ಜ್ ಬಟ್ಲರ್ ಈ ಬಗೆಯ ಪಾಲಿಮರ್ ಹೇಗೆ ಕಟ್ಟಿಕೊಳ್ಳುತ್ತೆ ಅನ್ನೋದನ್ನ ತೋರಿಸಿದರು. ಲೀಟರಿಗೆ ಕೆಲವೇ ಮಿಲಿಗ್ರಾಂ ಸಾಕು.

ಇಲ್ಲಿ ಒಂದು ಮುಖ್ಯ ಮಾತು, ಗಮನ ಇಟ್ಟು ಕೇಳಿ. ಕೆಸರು ಜಾಸ್ತಿ ಇದೆ ಅಂತ ಪ್ಲಸ್ ವಸ್ತುವನ್ನ ಮನಸ್ಸಿಗೆ ಬಂದಷ್ಟು ಸುರಿದರೆ ನೀರು ತಿಳಿಯಾಗೋ ಬದಲು ಮತ್ತೆ ಕದಡುತ್ತೆ. ಖಾತೆಯ ಬಾಕಿ ತೀರಿದ ಮೇಲೂ ಜಮಾ ಮಾಡ್ತಾ ಹೋದ್ರೆ ಏನಾಗುತ್ತೆ? ಪ್ರತಿ ಕಣದ ಮೈಮೇಲೂ ಈಗ ಪ್ಲಸ್ ಕೂತಿದೆ. ಎಲ್ಲವೂ ಪ್ಲಸ್ ಆದ್ರೆ ಮತ್ತೆ ಒಂದನ್ನೊಂದು ದೂಡ್ತಾವೆ. ಅದಕ್ಕೇ ನೀರಿನ ಘಟಕದಲ್ಲಿ ಜಾರ್ ಟೆಸ್ಟ್ ಅಂತ ಮಾಡ್ತಾರೆ: ಆರು ಗಾಜಿನ ಪಾತ್ರೆಯಲ್ಲಿ ಅವತ್ತಿನ ನದಿ ನೀರು ತುಂಬಿಸಿ, ಒಂದೊಂದಕ್ಕೆ ಒಂದೊಂದು ಪ್ರಮಾಣ ಹಾಕಿ, ಮೊದಲು ಜೋರಾಗಿ, ಆಮೇಲೆ ನಿಧಾನಕ್ಕೆ ಕಲಕಿ, ಯಾವುದು ಮೊದಲು ತಿಳಿಯಾಗುತ್ತೆ ನೋಡೋದು. ನದಿ ಬಣ್ಣ ಬದಲಾದ ದಿನ ಪ್ರಮಾಣವೂ ಬದಲಾಗಬೇಕು. ಪ್ರವಾಹದಲ್ಲಿ ಬೆಳಿಗ್ಗೆಯ ನೀರೇ ಬೇರೆ, ಸಂಜೆಯ ನೀರೇ ಬೇರೆ. ಊರಿನ ನಳದಲ್ಲಿ ಕೆಂಪು ನೀರು ಬಂದಾಗ ನಾವು ಬೈಯೋದು ನೀರು ಬಿಡೋ ಸಿಬ್ಬಂದಿಗೆ. ಅವರ ಹತ್ತಿರ ಆ ಆರು ಜಾರ್ ಇದೆಯಾ, ಅದನ್ನ ಬಳಸೋಕೆ ಯಾರಾದ್ರೂ ಕಲಿಸಿದ್ದಾರಾ ಅಂತ ಪಂಚಾಯ್ತಿಯಲ್ಲಿ ಕೇಳೋದು ಹೆಚ್ಚು ಉಪಯೋಗದ ಪ್ರಶ್ನೆ ಅಂತ ನನ್ನ ಅಭಿಪ್ರಾಯ.

ಹಿತ್ತಲಿನ ನುಗ್ಗೆ

ಈ ಎಪಿಸೋಡಿಗೆ ಓದ್ತಾ ಇದ್ದಾಗ ನನಗೆ ಅತಿ ಹೆಚ್ಚು ಖುಷಿ ಕೊಟ್ಟಿದ್ದು ನುಗ್ಗೆ ಬೀಜ. ಸುಡಾನ್‌ನಲ್ಲಿ ನೈಲ್ ನದಿಯ ದಂಡೆಯ ಹೆಣ್ಣುಮಕ್ಕಳು ಕೆಸರು ನೀರಿಗೆ ನುಗ್ಗೆ ಬೀಜ ಜಜ್ಜಿ ಹಾಕಿ ತಿಳಿ ಮಾಡ್ತಿದ್ದರು. ವಿಜ್ಞಾನಿಗಳು ಹೋಗಿ ಒಡೆದು ನೋಡಿದಾಗ ಸಿಕ್ಕಿದ್ದು ಸಣ್ಣ ಪ್ರೋಟೀನುಗಳು, ಮೈಮೇಲೆ ಪ್ಲಸ್ ಚಾರ್ಜಿನ ಅಮೈನೊ ಆಮ್ಲಗಳು ಹೆಚ್ಚು. ಅಂದ್ರೆ ಕಾರ್ಖಾನೆಯ ಪಾಲಿಕ್ಯಾಟಯಾನ್ ಮಾಡೋ ಕೆಲಸವನ್ನೇ ಗಿಡದ ಪಾಲಿಕ್ಯಾಟಯಾನ್ ಮಾಡುತ್ತೆ. ನಮ್ಮ ದೇಶದಲ್ಲೂ ಚಿಲ್ಲದ ಬೀಜವನ್ನ ಕೊಡದ ಒಳಮೈಗೆ ತೇಯ್ದು ನೀರು ತಿಳಿ ಮಾಡೋ ಪದ್ಧತಿ ಬಹಳ ಹಳೇದು.

ಒಣಗಿದ ನುಗ್ಗೆಕಾಯಿಯ ಬೀಜದ ಸಿಪ್ಪೆ ತೆಗೆದು, ಒಳಗಿನ ಬಿಳಿ ತಿರುಳು ಪುಡಿ ಮಾಡಿ, ಸ್ವಲ್ಪ ನೀರಲ್ಲಿ ಕದಡಿ ಬಟ್ಟೆಯಲ್ಲಿ ಸೋಸಿ, ಆ ಹಾಲನ್ನ ಕೆಸರು ನೀರಿಗೆ ಹಾಕಿ ಕಲಕಬೇಕು. ಒಂದೆರಡು ಗಂಟೆಯಲ್ಲಿ ತಳ ಕಾಣುತ್ತೆ. ಆದ್ರೆ ಒಂದು ಷರತ್ತು: ಪ್ರೋಟೀನ್ ಜೊತೆ ಬೀಜದ ಬೇರೆ ಸತ್ವಗಳೂ ನೀರಿಗೆ ಇಳಿದಿರ್ತಾವೆ, ಅದು ಸೂಕ್ಷ್ಮಜೀವಿಗೆ ಊಟ. ಆ ನೀರನ್ನ ಅವತ್ತೇ ಬಳಸಬೇಕು. ವಾಟ್ಸಾಪ್‌ನಲ್ಲಿ 'ನುಗ್ಗೆ ಬೀಜ ಹಾಕಿದ್ರೆ ನೀರು ಪೂರ್ತಿ ಶುದ್ಧ' ಅಂತ ವಿಡಿಯೋ ಬರ್ತಾವೆ, ಅಷ್ಟು ನಂಬಬೇಡಿ. ಕೆಸರಿನ ಜೊತೆ ಬಹಳಷ್ಟು ಬ್ಯಾಕ್ಟೀರಿಯಾ ತಳ ಸೇರುತ್ತೆ ನಿಜ, ಎಲ್ಲವೂ ಅಲ್ಲ.

ಹಾಗಾದ್ರೆ ಪ್ರವಾಹದ ದಿನ ಟ್ಯಾಂಕರ್ ಬರಲಿಲ್ಲ ಅಂದ್ರೆ? ನೀರನ್ನ ಒಂದು ಗಂಟೆ ಹಾಗೇ ಬಿಟ್ಟು, ಮೇಲಿನದನ್ನ ಮಡಚಿದ ಹತ್ತಿ ಬಟ್ಟೆಯಲ್ಲಿ ಸೋಸಿ. ಆಮೇಲೆ ಪಟಿಕ, 20 ಲೀಟರ್ ನೀರಿಗೆ ಒಂದು ಗ್ರಾಂ ಆಸುಪಾಸಿನಿಂದ ಶುರು ಮಾಡಿ, ಒಂದು ನಿಮಿಷ ಜೋರಾಗಿ, ಐದು ನಿಮಿಷ ನಿಧಾನಕ್ಕೆ ಕಲಕಿ ಅರ್ಧ-ಮುಕ್ಕಾಲು ಗಂಟೆ ಮುಟ್ಟದೆ ಇಡಿ. ತಿಳಿ ನೀರು ಬೇರೆ ಪಾತ್ರೆಗೆ ಬಗ್ಗಿಸಿ, ಕುದಿಸಿ. ಕುದಿಸೋಕೆ ಗ್ಯಾಸು, ಕಟ್ಟಿಗೆ ಇಲ್ಲದಿದ್ದರೆ ಆರೋಗ್ಯ ಇಲಾಖೆಯವರು ಕೊಡೋ ಕ್ಲೋರಿನ್ ಗುಳಿಗೆ, ಪಾಕೀಟಿನ ಮೇಲೆ ಬರೆದಷ್ಟೇ ಪ್ರಮಾಣ, ಅರ್ಧ ಗಂಟೆ ಕಾಯಬೇಕು. ಈ ಕ್ರಮ ಹಿಂದುಮುಂದಾಗಬಾರದು. ಕೆಸರು ನೀರಿಗೆ ನೇರವಾಗಿ ಕ್ಲೋರಿನ್ ಹಾಕಿದರೆ ಅದು ಮಣ್ಣು, ಕಸದ ಜೊತೆ ಹೊಡೆದಾಡಿ ಖರ್ಚಾಗುತ್ತೆ, ರೋಗಾಣು ಕಣಗಳ ನಡುವೆ ಅಡಗಿ ಉಳಿದುಬಿಡುತ್ತೆ. ಭಾರತೀಯ ಮಾನಕ 10500ರ ಪ್ರಕಾರ ಕುಡಿಯೋ ನೀರಿನ ಕದಡು 1 ಎನ್‌ಟಿಯು ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 5ರವರೆಗೆ. ಬರಿಗಣ್ಣಿಗೆ 5 ಅಂದ್ರೆ ಹೆಚ್ಚುಕಡಿಮೆ ತಿಳಿನೀರೇ. ಇನ್ನು, ಹೊಲದಿಂದ ತೊಳೆದು ಬಂದ ಕೀಟನಾಶಕ, ಕರಗಿದ ಉಪ್ಪು ಇವನ್ನೆಲ್ಲ ಪಟಿಕವೂ ತೆಗೆಯಲ್ಲ, ನುಗ್ಗೆಯೂ ತೆಗೆಯಲ್ಲ, ಕುದಿಸಿದರೂ ಹೋಗಲ್ಲ.

ಸಕ್ಕರೆ ಯಾಕೆ ಬೆಳ್ಳಗೆ

ನಮ್ಮ ಐದು ತಾಲ್ಲೂಕಿನ ಮಾತು ಸಕ್ಕರೆ ಬಿಟ್ಟು ಮುಗಿಯೋದುಂಟಾ? 1939ರಲ್ಲಿ ಶುರುವಾದ ಉಗಾರ ಶುಗರ್ ವರ್ಕ್ಸ್‌ನಿಂದ ಹಿಡಿದು ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ ಸಹಕಾರಿ ಕಾರ್ಖಾನೆಗಳವರೆಗೆ ಸುತ್ತ ಚಿಮಣಿಗಳೇ.

ಕಬ್ಬು ಹಿಂಡಿದಾಗ ಬರೋ ಹಾಲು ಕಪ್ಪು-ಹಸಿರು, ಹುಳಿ. ಅದನ್ನ ಕಾಯಿಸಿ, ಸುಣ್ಣದ ನೀರು, ಗಂಧಕದ ಹೊಗೆ ಕೊಟ್ಟು ತಿಳಿ ಮಾಡ್ತಾರೆ. ಆಗ ಹುಟ್ಟೋ ಸಣ್ಣ ಸಣ್ಣ ಗರಣೆಯನ್ನ ದೊಡ್ಡ ಗಡ್ಡೆಗಳಾಗಿ ಇಳಿಸೋಕೆ ಹಾಕೋ ಪಾಲಿಮರ್ ಪ್ಲಸ್ ಅಲ್ಲ, ಮೈನಸ್! ಸುಣ್ಣದ ಕ್ಯಾಲ್ಸಿಯಂ ಎರಡು ಪ್ಲಸ್ ಹೊತ್ತು ನಡುವೆ ಕೂತು, ಒಂದು ಕೈಯಲ್ಲಿ ಗರಣೆಯನ್ನೂ ಇನ್ನೊಂದು ಕೈಯಲ್ಲಿ ಮೈನಸ್ ಸರಪಳಿಯನ್ನೂ ಹಿಡಿಯುತ್ತೆ. ಬೆಲ್ಲದ ಗಾಣದಲ್ಲಿ ಕೊಪ್ಪರಿಗೆಗೆ ಬೆಂಡೆ ಗಿಡದ ಲೋಳೆ ಹಿಂಡೋದನ್ನ ನೋಡಿರ್ತೀರಿ. ಆ ಲೋಳೆಯೂ ಮೈನಸ್ ಚಾರ್ಜಿನ ಸರಪಳಿಯೇ. ಕುದಿಯೋವಾಗ ಕೊಳೆಯನ್ನೆಲ್ಲ ಕಟ್ಟಿಕೊಂಡು ನೊರೆಯಾಗಿ ಮೇಲೆ ಬರುತ್ತೆ, ಜಾಲರಿ ಸೌಟಿನಲ್ಲಿ ತೆಗೆದು ಎಸೀತಾರೆ. ಬೆಂಡೆ ಲೋಳೆಗೂ ಕಾರ್ಖಾನೆಯ ಪಾಲಿಮರ್‌ಗೂ ದೂರದ ನೆಂಟಸ್ತಿಕೆ ಇದೆ ಅನ್ನಬಹುದು.

ಪ್ಲಸ್ ಸರಪಳಿ ಕೆಲಸಕ್ಕೆ ಬರೋದು ಮುಂದಿನ ಹಂತದಲ್ಲಿ, ರಿಫೈನರಿಯಲ್ಲಿ. ಕಚ್ಚಾ ಸಕ್ಕರೆ ಕರಗಿಸಿದ ಪಾಕದಲ್ಲಿ ಉಳಿದ ಕಂದು ಬಣ್ಣ ಅಂದ್ರೆ ಗಿಡದ ಫೀನಾಲುಗಳು, ಕಾಯಿಸುವಾಗ ಹುಟ್ಟಿದ ಕ್ಯಾರಮೆಲ್ ಥರದವು, ಬಹುಪಾಲು ಮೈನಸ್. ಸಕ್ಕರೆ ಅಣುವಿಗೆ ಚಾರ್ಜ್ ಇಲ್ಲ. ಈ ವ್ಯತ್ಯಾಸವೇ ಬಂಡವಾಳ. ಸಾಸಿವೆಗಿಂತ ಸಣ್ಣ ರೆಸಿನ್ ಮಣಿಗಳು ತುಂಬಿದ ಉಕ್ಕಿನ ಕೊಳವೆಯ ಮೂಲಕ ಬಿಸಿ ಪಾಕ ಹರಿಸ್ತಾರೆ. ಆ ಮಣಿಯ ಒಳಗೆಲ್ಲ ಪ್ಲಸ್ ಚಾರ್ಜಿನ ಕ್ವಾಟರ್ನರಿ ನೈಟ್ರೋಜನ್. ಬಣ್ಣ ಅಂಟಿಕೊಳ್ಳುತ್ತೆ, ಸಕ್ಕರೆ ದಾಟಿ ಹೋಗುತ್ತೆ. ಸರಪಳಿ ಮಣಿಯಲ್ಲೇ ಹೆಣೆದುಕೊಂಡಿರೋದರಿಂದ ಪಾಕಕ್ಕೆ ಇಳಿದು ಬರಲ್ಲ. ಮಣಿ ತುಂಬಿದ ಮೇಲೆ ಗಟ್ಟಿ ಉಪ್ಪುನೀರು ಹರಿಸಿದರೆ ಕ್ಲೋರೈಡ್ ಬಂದು ಬಣ್ಣವನ್ನ ಎಬ್ಬಿಸಿ ತಾನು ಕೂರುತ್ತೆ, ಮಣಿ ಮತ್ತೆ ತಯಾರು. ಹೊರಬಂದ ಆ ಕಂದು ಉಪ್ಪುನೀರನ್ನ ಎಲ್ಲಿ ಬಿಡೋದು ಅನ್ನೋದು ಬೇರೆ ತಲೆನೋವು. ಮೊದಲೇ ನೀರು ಹೆಚ್ಚಾಗಿ ಸವಳು-ಜವಳು ಆದ ಹೊಲಗಳಿರೋ ಕಡೆ ಈ ಪ್ರಶ್ನೆ ಸಣ್ಣದಲ್ಲ.

ನಿಪ್ಪಾಣಿಯವರಿಗೆ ಒಂದು ಅಡ್ಡ ಮಾತು. ತಂಬಾಕಿನ ನಿಕೋಟಿನ್ ಸ್ವತಃ ಪ್ಲಸ್ ಆಗಬಲ್ಲ ಅಣು. ಬೀಡಿ-ಸಿಗರೇಟು ಬಿಡೋಕೆ ಅಗಿಯೋ ನಿಕೋಟಿನ್ ಗಮ್ ಇದೆಯಲ್ಲ, ಅದರಲ್ಲಿ ನಿಕೋಟಿನ್ನನ್ನ ಮೈನಸ್ ರೆಸಿನ್‌ಗೆ ಕಟ್ಟಿಹಾಕಿರ್ತಾರೆ. ಅಗಿದಾಗ ಜೊಲ್ಲಿನ ಸೋಡಿಯಂ ಒಳಗೆ ಹೋಗಿ ಅದನ್ನ ಸ್ವಲ್ಪ ಸ್ವಲ್ಪವೇ ಬಿಡಿಸುತ್ತೆ. ರಿಫೈನರಿಯ ಲೆಕ್ಕವೇ, ಚಿಹ್ನೆ ಮಾತ್ರ ಉಲ್ಟಾ. ಹಾಗೇ ನದಿ ಆಚೆ ಇಚಲಕರಂಜಿ ಬಟ್ಟೆಗಳ ಮಾತು ಬಂದ್ರೆ, ಹತ್ತಿ ಬಟ್ಟೆಯ ಬಣ್ಣ ತೊಳೆದಾಗ ಬಿಡದಿರಲಿ ಅಂತ ಕೊನೆಗೆ ಕೊಡೋ ಫಿಕ್ಸರ್‌ಗಳು ಪ್ಲಸ್ ಪಾಲಿಮರ್‌ಗಳೇ, ಯಾಕಂದ್ರೆ ಬಣ್ಣವೂ ಮೈನಸ್, ಹತ್ತಿಯೂ ಮೈನಸ್.

ಮೈಯೊಳಗೆ

ನಿಮ್ಮ ಮನೆಯಲ್ಲಿ ಯಾರಾದ್ರೂ 30/70 ಇನ್ಸುಲಿನ್ ಚುಚ್ಚಿಕೊಳ್ತಾರಾ? ಬಾಟಲಿ ಅಲುಗಿಸಿದರೆ ಹಾಲಿನ ಹಾಗೆ ಬೆಳ್ಳಗಾಗುತ್ತೆ. ಆ ಬಿಳುಪು ಒಂದು ಪಾಲಿಕ್ಯಾಟಯಾನ್‌ನದ್ದು. 1874ರಲ್ಲಿ ಸ್ವಿಟ್ಜರ್ಲೆಂಡಿನ ಫ್ರೀಡ್ರಿಶ್ ಮಿಶರ್ ಸಾಲ್ಮನ್ ಮೀನಿನ ವೀರ್ಯದಿಂದ ಪ್ರೋಟಮೈನ್ ಅನ್ನೋ ಪ್ರೋಟೀನ್ ಬೇರ್ಪಡಿಸಿದ್ದರು. ಅದರಲ್ಲಿ ಮೂರನೇ ಎರಡು ಭಾಗ ಆರ್ಜಿನಿನ್, ಪ್ರತಿಯೊಂದೂ ಪ್ಲಸ್. ಮೀನಿನಲ್ಲಿ ಅದರ ಕೆಲಸ ಮೈನಸ್ ಡಿಎನ್‌ಎಯನ್ನ ಒತ್ತಿ ಮಡಚಿ ಕಟ್ಟೋದು. 1936ರಲ್ಲಿ ಡೆನ್ಮಾರ್ಕಿನ ಹ್ಯಾಗೆಡಾರ್ನ್ ತಂಡ ಇದನ್ನ ಇನ್ಸುಲಿನ್ ಜೊತೆ ಬೆರೆಸಿತು. ರಕ್ತದ ಪಿಎಚ್‌ನಲ್ಲಿ ಇನ್ಸುಲಿನ್ ಸ್ವಲ್ಪ ಮೈನಸ್. ಎರಡೂ ಕೂಡಿ ಕರಗದ ಕಣಗಳಾದವು. ಚರ್ಮದ ಕೆಳಗೆ ಅವು ನಿಧಾನಕ್ಕೆ ಬಿಟ್ಟುಕೊಳ್ತಾವೆ, ಔಷಧಿ ಹೆಚ್ಚು ಹೊತ್ತು ಕೆಲಸ ಮಾಡುತ್ತೆ. 1946ರಲ್ಲಿ ಅದರ ಸುಧಾರಿತ ರೂಪ ಎನ್‌ಪಿಎಚ್ ಬಂತು. ನಡುವಿನ 'ಪಿ' ಪ್ರೋಟಮೈನ್, ಕೊನೆಯ 'ಎಚ್' ಹ್ಯಾಗೆಡಾರ್ನ್. 30/70ರಲ್ಲಿ 70 ಭಾಗ ಇದೇ.

ಈ ರಸಾಯನಶಾಸ್ತ್ರ ಗೊತ್ತಿದ್ದರೆ ನರ್ಸಕ್ಕ ಹೇಳೋ ಮಾತು ಅರ್ಥ ಆಗುತ್ತೆ. ಬಾಟಲಿಯನ್ನ ಎರಡು ಅಂಗೈ ನಡುವೆ ಮೆಲ್ಲಗೆ ಉರುಳಿಸಬೇಕು, ತಳದ ಬಿಳುಪು ಪೂರ್ತಿ ಬೆರೆಯೋವರೆಗೆ. ಹಾಗೇ ಮೇಲಿನ ತಿಳಿಯನ್ನ ಎಳೆದುಕೊಂಡರೆ ಬೇಗ ಕೆಲಸ ಮಾಡೋ ಭಾಗವೇ ಹೆಚ್ಚು ಬಂದು ಸಕ್ಕರೆ ದಿಢೀರ್ ಇಳಿಯಬಹುದು. ಜೋರಾಗಿ ಕುಲುಕಬಾರದು, ನೊರೆಯಾದರೆ ಅಳತೆ ತಪ್ಪುತ್ತೆ. ಫ್ರೀಜರ್‌ನಲ್ಲಿ ಇಡಬಾರದು, ಹೆಪ್ಪುಗಟ್ಟಿ ಕರಗಿದ ಮೇಲೆ ಕಣಗಳು ಗಂಟಾಗ್ತಾವೆ. ಬೆರೆಸಿದ ಮೇಲೂ ಗಂಟು, ಚಕ್ಕೆ ಕಂಡರೆ ಆ ಬಾಟಲಿ ಬಳಸಬೇಡಿ.

ಹಾರ್ಟ್ ಆಪರೇಶನ್‌ನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಹೆಪರಿನ್ ಕೊಡ್ತಾರೆ, ಅದು ಭಾರೀ ಮೈನಸ್. ಆಪರೇಶನ್ ಮುಗಿದ ಮೇಲೆ ಅದನ್ನ ತಣಿಸೋಕೂ ಇದೇ ಪ್ರೋಟಮೈನ್. ಡಯಾಲಿಸಿಸ್‌ನಲ್ಲಿ ಇರೋರಿಗೆ ಊಟದ ಜೊತೆ ಕೊಡೋ ಸೆವೆಲಮರ್ ಗುಳಿಗೆಯೂ ಪ್ಲಸ್ ಪಾಲಿಮರ್. ಊಟದ ಫಾಸ್ಫೇಟನ್ನ ಹೊಟ್ಟೆಯಲ್ಲೇ ಹಿಡಿದು ಹೊರಗೆ ಕರೆದೊಯ್ಯುತ್ತೆ.

ಅದೇ ಹಿಡಿತ ಶ್ವಾಸಕೋಶದಲ್ಲಿ

ಬ್ಯಾಕ್ಟೀರಿಯಾದ ಹೊರಪೊರೆ ಮೈನಸ್ ಅಂದೆನಲ್ಲ. ಪ್ಲಸ್ ಸರಪಳಿ ಅಲ್ಲಿ ಅಂಟಿ ಪೊರೆಯನ್ನ ಹರಿದುಹಾಕುತ್ತೆ. ಕಾಂಟ್ಯಾಕ್ಟ್ ಲೆನ್ಸ್ ನೀರಿನಲ್ಲಿ ಅತಿ ಕಡಿಮೆ ಪ್ರಮಾಣದಲ್ಲಿ ಇಂಥ ಪಾಲಿಮರ್ ಇರುತ್ತೆ, ಅದಕ್ಕೆ ತೊಂದರೆ ಇಲ್ಲ. ಆದ್ರೆ ದಕ್ಷಿಣ ಕೊರಿಯಾದಲ್ಲಿ ಏನಾಯ್ತು ನೋಡಿ. ಚಳಿಗಾಲದಲ್ಲಿ ಕೋಣೆಯ ಗಾಳಿಗೆ ತೇವ ಕೊಡೋ ಹ್ಯೂಮಿಡಿಫೈಯರ್ ಯಂತ್ರದ ನೀರಿಗೆ 'ಕ್ರಿಮಿ ಬರದಿರಲಿ' ಅಂತ ಹಾಕೋ ದ್ರವ ಅಲ್ಲಿ ವರ್ಷಗಟ್ಟಲೆ ಅಂಗಡಿಯಲ್ಲಿ ಮಾರಾಟ ಆಗ್ತಿತ್ತು. ಅದರಲ್ಲಿದ್ದದ್ದು ಪಿಎಚ್‌ಎಂಜಿ ಅನ್ನೋ ಪಾಲಿಕ್ಯಾಟಯಾನ್. 2011ರಲ್ಲಿ ಸೋಲ್‌ನ ಆಸ್ಪತ್ರೆಗೆ ಗರ್ಭಿಣಿಯರು, ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಉಸಿರು ಕಟ್ಟಿ ಬಂದರು. ತನಿಖೆ ನಡೆದು ಕಾರಣ ಗೊತ್ತಾದ ಮೇಲೆ ಅದೇ ವರ್ಷ ಮಾರಾಟ ನಿಂತಿತು. ಸತ್ತವರು ನೂರಾರು ಜನ, ಅದರಲ್ಲಿ ಮಕ್ಕಳೂ ಇದ್ದರು. ಚರ್ಮದ ಮೇಲೆ ಅಷ್ಟೇನೂ ಮಾಡದ ವಸ್ತು ಮಂಜಿನ ಹನಿಯಾಗಿ ಶ್ವಾಸಕೋಶದ ಆಳಕ್ಕೆ ಹೋದಾಗ, ಅಲ್ಲಿನ ತೆಳು ಪೊರೆಗೂ ಬ್ಯಾಕ್ಟೀರಿಯಾದ ಪೊರೆಗೂ ಅದು ವ್ಯತ್ಯಾಸ ಮಾಡಲಿಲ್ಲ.

ನೆಲ ಒರೆಸೋ ದ್ರವವನ್ನ ಸ್ಪ್ರೇ ಬಾಟಲಿಗೆ ತುಂಬಿ ಕೋಣೆಯ ಗಾಳಿಗೆ ಸಿಂಪಡಿಸೋದು, ಕೂಲರ್ ನೀರಿಗೆ ಡಿಸಿನ್ಫೆಕ್ಟೆಂಟ್ ಹಾಕೋದು ದಯವಿಟ್ಟು ಬೇಡ. ಕೊರೊನಾ ಕಾಲದಲ್ಲಿ ಜನರ ಮೈಮೇಲೇ ಸಿಂಪಡಿಸೋ ಸುರಂಗಗಳನ್ನ ಕಟ್ಟಿದ್ದರು ನೆನಪಿದೆಯಾ? ನನಗೆ ಆಗ ಅದನ್ನ ನೋಡಿದರೇ ಭಯ ಆಗ್ತಿತ್ತು. ಮೀನಿನ ಕಿವಿರು ಕೂಡ ಇದೇ ಥರ ಮೈನಸ್ ಲೋಳೆಯ ಪೊರೆ. ಪ್ಲಸ್ ಪಾಲಿಮರ್ ಹೆಚ್ಚಾಗಿ ನದಿಗೆ ಬಿದ್ದರೆ ಅಲ್ಲಿ ಅಂಟಿ ಮೀನಿಗೆ ಉಸಿರಾಡೋಕೆ ಆಗಲ್ಲ. ಕೆಸರು ಇದ್ದ ನೀರಿನಲ್ಲಿ ಅಪಾಯ ಸ್ವಲ್ಪ ಕಡಿಮೆ, ಯಾಕಂದ್ರೆ ಪಾಲಿಮರ್ ಮೊದಲು ಮಣ್ಣಿಗೇ ಅಂಟಿ ತೀರಿಹೋಗುತ್ತೆ.

ಕೊನೆಗೆ ದ್ರಾಕ್ಷಿಯವರಿಗೆ ಹೇಳ್ತೀನಿ ಅಂದಿದ್ದೆ. ಅಥಣಿ ತಾಲ್ಲೂಕಿನ ತೆಲಸಂಗ, ಐಗಳಿ ಕಡೆಯವರು ಅಂಗಡಿಯಲ್ಲಿ ಕೈಟೋಸಾನ್ ಡಬ್ಬಿ ನೋಡಿರ್ತೀರಿ. ಎಲೆಯ ಮೇಲೆ ಬಿದ್ದಾಗ ಗಿಡ ಅದನ್ನ ಶಿಲೀಂಧ್ರ ಬಂತು ಅಂತ ತಿಳಿದು ತನ್ನ ರಕ್ಷಣೆ ಶುರು ಮಾಡುತ್ತೆ, ಯಾಕಂದ್ರೆ ಶಿಲೀಂಧ್ರದ ಗೋಡೆಯಲ್ಲೂ ಇದೇ ಕುಟುಂಬದ ವಸ್ತು ಇದೆ. ಅದು ಔಷಧಿಗೆ ಬದಲಿ ಅಲ್ಲ, ರೋಗ ಕಾಣಿಸಿಕೊಳ್ಳೋ ಮುಂಚೆ ಕೊಡೋ ಒತ್ತಾಸೆ. ಇದು ಕರಗಿರೋದು ಹುಳಿಯಲ್ಲಿ ಅನ್ನೋದನ್ನ ನೆನಪಿಡಿ. ಕ್ಷಾರದ ನೀರಿಗೆ, ಸುಣ್ಣ ಸೇರಿದ ಬೋರ್ಡೋ ಮಿಶ್ರಣಕ್ಕೆ ಹಾಕಿದರೆ ಅದರ ಪ್ಲಸ್ ಹೋಗಿ ಗರಣೆಯಾಗಿಬಿಡುತ್ತೆ. ಕಡಲಕಳೆಯ ಟಾನಿಕ್ ಜೊತೆ ಒಂದೇ ಡ್ರಮ್ಮಿನಲ್ಲಿ ಬೆರೆಸೋದೂ ತೊಂದರೆಯೇ. ಆ ಟಾನಿಕ್‌ನಲ್ಲಿ ಆಲ್ಜಿನೇಟ್ ಇದ್ದರೆ ಅದು ಮೈನಸ್ ಸರಪಳಿ, ಎರಡೂ ಕೂಡಿ ಅಂಟು ಮುದ್ದೆಯಾಗುತ್ತೆ. ಮೊದಲು ಒಂದು ಗಾಜಿನ ಲೋಟದಲ್ಲಿ ನಿಮ್ಮದೇ ಬೋರಿನ ನೀರು ಹಾಕಿ, ಎರಡನ್ನೂ ಅದೇ ಪ್ರಮಾಣದಲ್ಲಿ ಬೆರೆಸಿ, ಹದಿನೈದು ನಿಮಿಷ ಬಿಟ್ಟು ಬೆಳಕಿಗೆ ಹಿಡಿದು ನೋಡಿ. ದಾರ ದಾರ ಅಥವಾ ಚಕ್ಕೆ ಕಂಡರೆ ಆ ಮಿಶ್ರಣ ಪಂಪಿಗೆ ಹಾಕಬೇಡಿ, ನಾಝಲ್ ಕಟ್ಟುತ್ತೆ. ಎರಡನ್ನೂ ಬೇರೆ ಬೇರೆ ದಿನ ಹೊಡೀರಿ.